ಸತ್ತೆವ್ವನ ಹಾಜರಿ

ಇದನ್ನು ಬೇರೆ ಯಾರಾದರೂ ಹೇಳಿದರೆ ನನ್ನನ್ನು ಲಬಾಡ, ಸುಳ್ಳುಗಾರ ಅಂದಾರು, ಇಲ್ಲವೇ ಪಾಪ, ನೌಕರಿ ಮನುಷ್ಯ, ಏನು ಮಾಡಿಯಾನು ಅಂದಾರು. ಎರಡೂ ನನಗೆ ಬೇಡ. ಅದಕ್ಕೇ ನಾನೇ ಹೇಳುತ್ತೇನೆ. ನನ್ನ ಹೆಸರು ಜ್ಞಾನದೇವ, ಊರು ಅಕ್ಕೋಳ. ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರು ವಿಭಾಗದಲ್ಲಿ ಇಪ್ಪತ್ತೈದು ವರ್ಷ ಕಾರಕೂನನಾಗಿದ್ದೆ. ಶೇರು ಉಳ್ಳವರನ್ನು ನಮ್ಮ ಕಡೆ ಸಭಾಸದರು ಅನ್ನುತ್ತಾರೆ. ಅಂಥ ಹನ್ನೊಂದು ಸಾವಿರ ಸಭಾಸದರ ಹೆಸರು, ಊರು, ಸತ್ತವರ ವಾರಸುದಾರರು, ಎಲ್ಲ ನನ್ನ ಕಪಾಟಿನಲ್ಲಿ ಇರುತ್ತಿತ್ತು. ಯಾರ ಅಪ್ಪ ಯಾವಾಗ ಸತ್ತ ಅನ್ನುವುದು ಅವರ ಮಕ್ಕಳಿಗಿಂತ ನನಗೆ ಚೆನ್ನಾಗಿ ನೆನಪಿರುತ್ತಿತ್ತು. ಈ ಮಾತು ಯಾಕೆ ಹೇಳಿದೆ ಅಂದರೆ, ಮುಂದೆ ಒಂದು ದಿನ ನಾನು ದೊಡ್ಡವರೆದುರು ನಿಂತು ನೆನಪಿಲ್ಲ ಅಂದೆ.

ಕಾರ್ಖಾನೆಯ ವಾರ್ಷಿಕ ಸಭೆ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ. ಕಬ್ಬಿನ ಗಾಡಿ ನಿಲ್ಲುವ ಬಯಲಿನಲ್ಲಿ ಮಂಟಪ ಹಾಕಿಸುತ್ತಿದ್ದರು. ಗೇಟಿನ ಹತ್ತಿರ ಮೇಜಿನ ಮೇಲೆ ಹಾಜರಿ ಪುಸ್ತಕ. ಬಂದವರು ಸಹಿ ಮಾಡಿ ಒಳಗೆ ಹೋಗಬೇಕು. ಬರುವವರು ಐದಾರುನೂರು ಮಂದಿ, ಅದರಲ್ಲೂ ಅರ್ಧ ಮಂದಿ ಶಿರಾ ಉಪ್ಪಿಟ್ಟು ತಿಂದು ಎದ್ದು ಹೋಗುವವರು. ಆದರೆ ಸಭೆ ಕಾಯದೆಪ್ರಕಾರ ಆಯಿತು ಅನ್ನಿಸಿಕೊಳ್ಳಬೇಕಾದರೆ ಅದಕ್ಕಿಂತ ಬಹಳ ಹೆಚ್ಚು ಹಾಜರಿ ಬೇಕು. ಹಾಗಾಗಿ ನಾನು ಸೇರುವ ಮೊದಲಿನಿಂದಲೂ ಒಂದು ಪದ್ಧತಿ ನಡೆದು ಬಂದಿತ್ತು. ಸಭೆಯ ದಿನ ಪುಸ್ತಕದಲ್ಲಿ ಬಾರದವರ ಹೆಸರಿನ ಮುಂದೆ ಜಾಗ ಬಿಡುವುದು. ಆಮೇಲೆ ಅದೇ ಪುಸ್ತಕವನ್ನೂ ಶಾಯಿಯ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಊರೂರು ತಿರುಗುವುದು. ಸಹಿಯೋ ಹೆಬ್ಬೆಟ್ಟೋ ಹಾಕಿದವರ ಕೈಗೆ ದೀಪಾವಳಿಯ ಸಕ್ಕರೆ ಚೀಟಿ. ಚೀಟಿ ತೋರಿಸಿದರೆ ಕಾರ್ಖಾನೆಯ ಗೋದಾಮಿನಲ್ಲಿ ಐದು ಕಿಲೋ ಸಕ್ಕರೆ ಸಿಗುತ್ತಿತ್ತು.

ಹೆಣ್ಣು ಸಭಾಸದರಂತೂ ಸಭೆಗೆ ಬಂದದ್ದೇ ಇಲ್ಲ. ಗಂಡ ಸತ್ತ ಮೇಲೆ ಶೇರು ಹೆಸರಿಗೆ ಬಂದ ಹೆಂಗಸರು ನಮ್ಮಲ್ಲಿ ಎರಡು ಸಾವಿರದಷ್ಟು ಇದ್ದರು. ಅವರು ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕಕ್ಕೆ ಸಕ್ಕರಿ ಪುಸ್ತಕ ಅನ್ನುತ್ತಿದ್ದರು. ಹೆಬ್ಬೆಟ್ಟು ಒತ್ತಿದ್ದು ಸಕ್ಕರೆ ಮುಟ್ಟಿತು ಅನ್ನುವುದಕ್ಕೆ ಗುರುತು ಅಂತ ಅವರ ತಿಳುವಳಿಕೆ. ಆ ಹಾಳೆಯ ನೆತ್ತಿಯ ಮೇಲೆ 'ಕೆಳಗೆ ಸಹಿ ಮಾಡಿದವರು ಸಭೆಯಲ್ಲಿ ಖುದ್ದು ಹಾಜರಿದ್ದು ಎಲ್ಲ ಠರಾವುಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ' ಅಂತ ಅಚ್ಚಾಗಿತ್ತು. ಅವರ ತಿಳುವಳಿಕೆ ತಪ್ಪು ಅಂತ ನನಗೆ ಗೊತ್ತಿತ್ತು. ತಿದ್ದಲಿಲ್ಲ. ತಿದ್ದಿದ್ದರೆ ನನ್ನ ತಿರುಗಾಟ ಎರಡು ವಾರದಲ್ಲಿ ಮುಗಿಯುತ್ತಿರಲಿಲ್ಲ, ಅಷ್ಟೇ ಕಾರಣ. ದೊಡ್ಡ ಕಾರಣ ಏನೂ ಇರಲಿಲ್ಲ.

ಬೇಡಕಿಹಾಳದ ಸತ್ತೆವ್ವ ಅವರಲ್ಲಿ ಒಬ್ಬಳು. ಕುರಿಯವರ ಮನೆ. ಗಂಡ ಜಕ್ಕಪ್ಪ ತೀರಿಕೊಂಡ ಮೇಲೆ ಮಗ ಬೀರದೇವನ ಕೂಡ ಎಂಬತ್ತು ಕುರಿ ಮೇಯಿಸಿಕೊಂಡು, ಎರಡೆಕರೆಯಲ್ಲಿ ಕಬ್ಬು ಹಾಕಿಕೊಂಡು ಇದ್ದವಳು. ಮಳೆಗಾಲದಲ್ಲಿ ನಮ್ಮ ಕಡೆ ನೆಲ ಹಸಿ, ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೇ ಆಷಾಢ ಬಂತೆಂದರೆ ಹಿಂಡು ಹೊಡೆದುಕೊಂಡು ಅಥಣಿ ತಾಲೂಕಿನ ಸತ್ತಿ ಕಡೆ ಹೋದರೆ ತಿರುಗಿ ಬರುವುದು ದೀಪಾವಳಿಗೆ. ಸೆಪ್ಟೆಂಬರಿನಲ್ಲಿ ಆಕೆ ಊರಲ್ಲಿ ಇದ್ದದ್ದೇ ಇಲ್ಲ. ಬೇಡಕಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು.

ಆಕೆಯ ಮಾವ ಕಾರ್ಖಾನೆ ಕಟ್ಟುವಾಗ ಮೂರೆಕರೆ ಹೊಲ ಕೊಟ್ಟಿದ್ದ. ಸಂಘದ ಕಾರ್ಖಾನೆ, ನಮ್ಮದೇ ಕಾರ್ಖಾನೆ, ನಿಮ್ಮ ಹೊಲ ಎಲ್ಲಿಗೂ ಹೋಗುವುದಿಲ್ಲ ಅಂತ ಆಗಿನ ಹಿರಿಯರು ಹೇಳಿದ್ದರು. ಕೊಟ್ಟ ಮೂರರಲ್ಲಿ ಒಂದೆಕರೆ ಹಾಗೇ ಖಾಲಿ ಉಳಿದಿತ್ತು. ದೀಪಾವಳಿಯಿಂದ ಹೋಳಿಯವರೆಗೆ ಆಕೆಯ ಕುರಿ ಅಲ್ಲೇ ತಂಗುತ್ತಿದ್ದವು. ಯಾವ ಮ್ಯಾನೇಜರನೂ ಬೇಡ ಅಂದಿರಲಿಲ್ಲ. ಬರಹದಲ್ಲಿ ಮಾತ್ರ ಏನೂ ಇರಲಿಲ್ಲ. ಹೊಲಕ್ಕೆ ಬದಲಾಗಿ ಆ ಮನೆತನದ ಕೈಯಲ್ಲಿ ಉಳಿದಿದ್ದು ಒಂದು ಶೇರು, ಅದಕ್ಕೊಂದು ವೋಟು.

2013ರಲ್ಲಿ ಸಹಕಾರ ಸಂಘಗಳಿಗೆ ಹೊಸ ಕಾಯದೆ ಬಂತು. ಐದು ವಾರ್ಷಿಕ ಸಭೆಗಳಲ್ಲಿ ಮೂರಕ್ಕಾದರೂ ಬಾರದ ಸಭಾಸದನಿಗೆ ವೋಟಿಲ್ಲ. ಕಾಯದೆ ಮಾಡಿದವರ ಮನಸ್ಸಿನಲ್ಲಿ ಒಳ್ಳೆಯದೇ ಇದ್ದೀತು. ಸಭಾಸದರು ಸಭೆಗೆ ಬರಲಿ, ಬಾಯಿ ಬಿಡಲಿ, ಸಂಘ ಜೀವಂತ ಇರಲಿ ಅಂತ ಇದ್ದೀತು. ನಮ್ಮ ಚೇರಮನ್ ತಾತ್ಯಾಸಾಹೇಬರು ಅದನ್ನು ಬೇರೆ ತರಹ ಓದಿದರು. ನನ್ನನ್ನು ಚೇಂಬರಿಗೆ ಕರೆದು, ಚಹ ತರಿಸಿ, ಬಾಗಿಲು ಹಾಕಿಸಿದರು.

"ಜ್ಞಾನದೇವ, ಚಾಂಗ್ಲಾ, ಭಾಳ ಚಲೋ ಕಾಯದಾ ಬಂದೈತಿ ನೋಡು," ಅಂದರು. "ನಿನ್ನ ಪುಸ್ತಕದಾಗ ಹಾಜರಿ ಇದ್ದವಗ ವೋಟು, ಇಲ್ಲದವಗ ಇಲ್ಲ. ನಮ್ಮ ಮಂದಿ ಮನಿಗೆ ಎಂದಿನ್ಹಂಗ ಹೋಗು. ಆ ಕಡೆಯವ್ರ ಮನಿಗೆ ಹೋಗೂದ ಬ್ಯಾಡ. ತಿಳೀತಿಲ್ಲ?"

"ತಿಳೀತ್ರಿ ಸಾಹೇಬ್ರ," ಅಂದೆ. ತಿಳಿಯದಷ್ಟು ದಡ್ಡ ನಾನಲ್ಲ. ಚಹ ಚೆನ್ನಾಗಿತ್ತು.

ಸತ್ತೆವ್ವ ಯಾವ ಪಾರ್ಟಿಯವಳೂ ಅಲ್ಲ. ತೋರಿಸಿದ ಜಾಗದಲ್ಲಿ ಸುಮ್ಮನೆ ಒತ್ತುವವಳು. ಹಾಗಾಗಿ ಯಾದಿಯಲ್ಲಿ 'ನಮ್ಮ ಮಂದಿ' ಅನ್ನುವ ಕಡೆಯೇ ಆಕೆಯ ಹೆಸರು ಉಳಿಯಿತು.

ಆ ಸೆಪ್ಟೆಂಬರಿನ ಸಭೆ ನಲವತ್ತು ನಿಮಿಷದಲ್ಲಿ ಮುಗಿಯಿತು. ಒಂಬತ್ತನೆಯ ವಿಷಯ ಓದುವಾಗ ಮೈಕು ಗುರ್ರೆನ್ನುತ್ತಿತ್ತು. ಮುಂದಿನ ಸಾಲಿನ ಮೂವತ್ತು ಮಂದಿ "ಮಂಜೂರ, ಮಂಜೂರ" ಅಂತ ಕೂಗಿದರು. ಕಾರ್ಖಾನೆಯನ್ನೂ ಅದರ ಎಲ್ಲ ಜಮೀನನ್ನೂ ಮೂವತ್ತು ವರ್ಷ ಮುಂಬೈ ಕಡೆಯ ಒಂದು ಖಾಸಗಿ ಕಂಪನಿಗೆ ಲೀಜಿಗೆ ಕೊಡುವ ಠರಾವು ಅದು. ಗೇಟಿನಲ್ಲಿ ಆ ದಿನ ಬಿದ್ದ ಸಹಿ ಐದುನೂರ ಎಪ್ಪತ್ತು. ಪುಸ್ತಕ ನನ್ನ ಚೀಲದಿಂದ ತಿರುಗಿ ಬಂದಾಗ ಹಾಜರಿ ನಾಲ್ಕು ಸಾವಿರ ದಾಟಿತ್ತು.

ದೀಪಾವಳಿ ಪಾಡ್ಯದ ದಿನ ಸತ್ತೆವ್ವನ ಮನೆಗೆ ಹೋದೆ. ಕುರಿ ಆಗಲೇ ತಿರುಗಿ ಬಂದಿದ್ದವು. ಎಮ್ಮೆ ಈದಿತ್ತು, ನನ್ನನ್ನು ಕೂಡಿಸಿ ತಾಟಿನಲ್ಲಿ ಗಿಣ್ಣ ಕೊಟ್ಟಳು. ಕೈಯೆಲ್ಲ ಕುರಿಯ ಉಣ್ಣೆಯ ಜಿಡ್ಡು, ಹೆಬ್ಬೆಟ್ಟು ಸರಿಯಾಗಿ ಮೂಡಲಿಲ್ಲ ಅಂತ ಸೆರಗಿಗೆ ಒರೆಸಿ ಎರಡನೆಯ ಸಲ ಒತ್ತಿಸಿದೆ. ಒತ್ತುವಾಗ ಆಕೆ ಎಂದೂ ಕೇಳದ್ದನ್ನು ಕೇಳಿದಳು.

"ಈ ವರ್ಷ ಸಭಾದಾಗ ಏನ್ ಮಾತಾಡಿದ್ರೋ ತಮ್ಮಾ? ಯಾರೋ ಕಾರಖಾನಿ ಮಾರ್ತಾರಂತ ಅಂದ್ರಪಾ ಸತ್ತಿ ಸಂತ್ಯಾಗ."

"ಏನಿಲ್ಲಕ್ಕಾ, ವರ್ಷಾ ಇದ್ದದ್ದ," ಅಂದೆ.

ಗಿಣ್ಣ ಬಾಯಲ್ಲಿ ಇಟ್ಟುಕೊಂಡೇ ಅಂದೆ. ನನ್ನ ಜೀವಮಾನದ ಸುಳ್ಳುಗಳಲ್ಲಿ ಅದು ಎಲ್ಲಕ್ಕಿಂತ ಸಲೀಸಾಗಿ ಬಂದದ್ದು.

ಜನವರಿಯಲ್ಲಿ ಕಂಪನಿಯವರು ಬಂದರು. ಮೊದಲು ಬೋರ್ಡು ಬದಲಾಯಿತು, ಆಮೇಲೆ ಸಿಮೆಂಟಿನ ಗೋಡೆ ಏಳತೊಡಗಿತು. ಒಂದು ಬೆಳಿಗ್ಗೆ ಸತ್ತೆವ್ವನ ಕುರಿಗಳನ್ನು ಆ ಒಂದೆಕರೆಯಿಂದ ಎಬ್ಬಿಸಿದರು. ಆಕೆ ನೇರ ನನ್ನ ಮೇಜಿಗೆ ಬಂದಳು. ಬೀರದೇವ ಹಿಂದೆ ನಿಂತಿದ್ದ.

"ತಮ್ಮಾ, ಹೊಲ ನಾವು ಸಂಘಕ್ಕ ಕೊಟ್ಟಿದ್ವಿ. ಈ ಮಂದಿ ಯಾರು? ಯಾರನ್ನ ಕೇಳಿ ಕೊಟ್ರಿ?"

"ಸಭಾದಾಗ ಠರಾವ ಆಗೈತಕ್ಕಾ."

"ನಾ ಸಭಾಸದ ಹೌದಿಲ್ಲೊ? ನನ್ನ ಯಾರ ಕೇಳ್ಯಾರ?"

ಪುಸ್ತಕ ಕಪಾಟಿನಲ್ಲಿ ನನ್ನ ಬೆನ್ನ ಹಿಂದೇ ಇತ್ತು. ತೆಗೆದು ತೋರಿಸುವ ಧೈರ್ಯ ಆಗಲಿಲ್ಲ. ಚಿಕ್ಕೋಡಿಯಲ್ಲಿ ನೇಮಿನಾಥ ಅಂತ ವಕೀಲರಿದ್ದಾರೆ, ಇಂಥ ಸಂಘಗಳ ತಂಟೆ ಅವರೇ ನೋಡುತ್ತಾರೆ, ಅಲ್ಲಿ ಕೇಳು ಅಂತ ಸಾಗಹಾಕಿದೆ. ದೂರ ಕಳಿಸಿದರೆ ಬೇಸತ್ತು ಬಿಟ್ಟುಬಿಡುತ್ತಾಳೆ ಅಂದುಕೊಂಡಿದ್ದೆ. ಎಂಬತ್ತು ಕುರಿ ಹೊಡೆದುಕೊಂಡು ಸತ್ತಿಯವರೆಗೆ ನಡೆಯುವವಳಿಗೆ ಚಿಕ್ಕೋಡಿ ಯಾವ ದೂರ?

ನೇಮಿನಾಥ ವಕೀಲರು ನೇರ ಮನುಷ್ಯ. ಕಾಗದಪತ್ರ ತರಿಸಿ ನೋಡಿದರು, ಹಾಜರಿ ಪುಸ್ತಕದ ನಕಲಿನಲ್ಲಿ ಆಕೆಯ ಹೆಬ್ಬೆಟ್ಟು ಕಂಡರು, ಆಕೆಯಿಂದ ಎಲ್ಲ ಕೇಳಿದರು. ಅದಾದ ಎರಡು ದಿನಕ್ಕೆ ನಾನು ನಿಪ್ಪಾಣಿ ಸಂತೆಗೆ ಹೋದಾಗ ನನ್ನನ್ನು ಹಿಡಿದು ಒಂದು ಖಾನಾವಳಿಯಲ್ಲಿ ಕೂಡಿಸಿದರು.

"ಜ್ಞಾನದೇವ್ರ, ಸಮಾ ಕೇಳ್ರಿ," ಅಂದರು. "ಅಕಿ ಸಭಾಕ್ಕ ಬಂದಿದ್ಲು ಅಂದ್ರ, ಠರಾವಿಗೆ ಒಪ್ಪಿಗಿ ಕೊಟ್ಟಂಗ. ಕೇಸ್ ಮುಗೀತು. ಬಂದಿರಲಿಲ್ಲ ಅಂದ್ರ, ಹೊಸ ಕಾಯದೆಪ್ರಕಾರ ಅಕಿಗೆ ವೋಟ ಇಲ್ಲ, ಕೇಳಾಕ ನೀ ಯಾರು ಅಂತಾರ. ಆಗೂ ಕೇಸ್ ಮುಗೀತು. ಎರಡೂ ಕಡೆ ಬಾಗಲಾ ಹಾಕೇತಿ. ಒಂದ ಕಿಡಕಿ ಉಳದೈತಿ, ಅದು ನೀವು."

"ನಾ ಏನ್ ಮಾಡ್ಲಿರಿ?"

"ಖರೇ ಹೇಳ್ರಿ. ಕಾರಖಾನಿನ ಪುಸ್ತಕ ಮನಿಮನಿಗೆ ಕಳಸ್ತಿತ್ತು, ಸಭಾ ಆದ ಮ್ಯಾಲ ಹೆಬ್ಬಟ್ಟ ತಗೊಳ್ಳತಿದ್ವಿ ಅಂತ ಅಷ್ಟ ಹೇಳ್ರಿ. ಆಗ ಇಡೀ ಪುಸ್ತಕಾನ ಖೊಟ್ಟಿ ಆಗತೈತಿ. ಠರಾವಿಗೆ ಮಂದಿ ಸಾಲೂದಿಲ್ಲ, ಬೀಳತೈತಿ. ಖೊಟ್ಟಿ ಪುಸ್ತಕ ನೋಡಿ ಯಾರ ವೋಟೂ ಕಸ್ಕೊಳ್ಳಾಕ ಆಗೂದಿಲ್ಲ."

ಯೋಚಿಸಿ ಹೇಳುತ್ತೇನೆ ಅಂದೆ. ಮರುದಿನವೇ ತಾತ್ಯಾಸಾಹೇಬರಿಂದ ಕರೆ ಬಂತು. ಖಾನಾವಳಿಯಲ್ಲಿ ಕೂತದ್ದು ಅವರಿಗೆ ಮುಟ್ಟಿತ್ತು. ಈ ಸಲ ಚಹ ಇರಲಿಲ್ಲ.

"ಲೀಜ್ ಆದ ಮ್ಯಾಲ ಸಂಘದ ಆಫೀಸಿಗೆ ಆರ ಮಂದಿ ಸಾಕು," ಅಂದರು. "ಉಳದವ್ರನ್ನ ಕಂಪನಿ ತಗೊಂಡ್ರ ತಗೊಂಡೀತು. ಆ ಆರ ಮಂದಿ ಯಾದಿ ನಾ ಇನ್ನೂ ಬರದಿಲ್ಲ ನೋಡು." ಇಷ್ಟು ಹೇಳಿ ಫೋನು ಎತ್ತಿಕೊಂಡು ಬೇರೆಯವರ ಕೂಡ ಮಾತಾಡತೊಡಗಿದರು. ನಾನು ಇನ್ನೂ ನಿಂತೇ ಇದ್ದೆ.

ಮನೆಗೆ ಬಂದು ಹೆಂಡತಿ ನೀಲಮಳಿಗೆ ಹೇಳಿದೆ. ಮಕ್ಕಳ ಕಾಲೇಜು, ಮನೆಯ ಮೇಲಿನ ಸ್ಲ್ಯಾಬು, ಏನಾದರೂ ನೆಪ ಆಕೆಯ ಬಾಯಿಂದ ಬರಲಿ, ಅದನ್ನೇ ಹಿಡಿದುಕೊಂಡೇನು ಅಂತ ಕಾಯುತ್ತಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಕಿ ಮನ್ಯಾಗ ಗಿಣ್ಣ ತಿಂದ ಬಂದೀರಿ. ಹೋಗಿ ಖರೇ ಹೇಳ್ರಿ. ನೌಕರಿ ಹೋದ್ರ ನಾ ತಂಬಾಕದ ಹೊಲಕ್ಕ ಕೂಲಿ ಹೋಗ್ತೀನಿ," ಅಂದಳು. ಹೆಂಡತಿಯ ಮೇಲೆ ಹಾಕಿ ಪಾರಾಗುವ ದಾರಿಯೂ ಹೋಯಿತು. ಮುಂದೆ ಮಾಡಿದ್ದೆಲ್ಲ ನನ್ನದೇ.

ವಿಚಾರಣೆ ಮೇ ತಿಂಗಳಲ್ಲಿ ನಡೆಯಿತು. ಸಂಘಗಳ ತಕರಾರು ಕೇಳುವ ಸಾಹೇಬರದು ಒಂದು ಉದ್ದನೆಯ ಕೋಣೆ, ಗೋಡೆಗೆ ಫೈಲುಗಳ ಗಂಟು. ಸತ್ತೆವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಮದುವೆಗೆ ಬಂದವರ ಹಾಗೆ. ನೇಮಿನಾಥರು ಆಕೆಗೆ ಪಾಠ ಹೇಳಿಕೊಟ್ಟಿದ್ದರು: ಆ ಒಂದು ವರ್ಷದ ಸಭೆಯ ಬಗ್ಗೆ ಕೇಳಿದರೆ ಮಾತ್ರ ಹೇಳು, ಮುಂದೆ ಹಿಂದೆ ಹೋಗಬೇಡ. ಕಾರ್ಖಾನೆಯ ವಕೀಲ ಎದ್ದು ನಿಂತ. ನಗುಮುಖದ ಮನುಷ್ಯ, ಆಕೆಗೆ ಕೂಡಲು ಖುರ್ಚಿ ತಾನೇ ಹಾಕಿಸಿದ.

"2013ರ ಸಭಾಕ್ಕ ನೀವು ಬಂದಿರಲಿಲ್ಲ ಅಂತೀರಿ, ಹೌದಲ್ರಿ?"

"ಇಲ್ರಿ. ನಾ ಸತ್ತಿ ಕಡೆ ಕುರಿ ಕೂಡ ಇದ್ನಿ."

"ಅದರ ಹಿಂದಿನ ವರ್ಷ?"

ನೇಮಿನಾಥರು ಎದ್ದು ತಕರಾರು ತೆಗೆದರು. ಸಾಹೇಬರು, ಕೇಳಲಿ ಬಿಡ್ರಿ, ಅಂದರು.

"ಆಗೂ ಅಲ್ಲೇ ಇದ್ನಿರಿ. ಮಳಿಗಾಲದಾಗ ಇಲ್ಲಿ ನಿಂತ್ರ ಕುರಿ ಕಾಲ ಕೊಳೀತಾವ್ರಿ."

"ಅದರ ಹಿಂದ? ಅದರ ಹಿಂದ?"

"ಸಾಹೇಬ್ರ, ಆ ಸಭಾ ನಾ ಒಂದ ವರ್ಷಾನೂ ಕಣ್ಲೆ ನೋಡಿಲ್ರಿ!" ಅಂದಳು ಸತ್ತೆವ್ವ, ಎದೆ ಸೆಟೆಸಿ. ತಾನು ಎಷ್ಟು ಖರೆ ಹೇಳಿದರೆ ಕೇಸು ಅಷ್ಟು ಗಟ್ಟಿಯಾಗುತ್ತದೆ ಅಂತ ಆಕೆ ತಿಳಿದಿದ್ದಳು. ಕೋರ್ಟು ಅಂದರೆ ಖರೆ ಹೇಳುವ ಜಾಗ ಅಂತ ಯಾರೋ ಹೇಳಿರಬೇಕು.

"ಇಷ್ಟ ಸಾಕ್ರಿ," ಅಂದು ವಕೀಲ ಕೂತುಬಿಟ್ಟ. ನೇಮಿನಾಥರು ಹಣೆ ಒತ್ತಿಕೊಂಡು ನನ್ನ ಹೆಸರು ಕೂಗಿಸಿದರು.

ಹಾಜರಿ ಪುಸ್ತಕ ನನ್ನ ಮುಂದಿಟ್ಟು ಬೆರಳಿಟ್ಟು ತೋರಿಸಿದರು. ಜಿಡ್ಡಿಗೆ ಅರ್ಧ ಮೂಡಿದ ಒಂದು ಗುರುತು, ಅದರ ಪಕ್ಕ ಸರಿಯಾಗಿ ಮೂಡಿದ ಇನ್ನೊಂದು.

"ಈ ಹೆಬ್ಬಟ್ಟ ಎಲ್ಲಿ ತಗೊಂಡ್ರಿ?"

ನಾನು ಬೆಳಗಿನಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. "ಪುಸ್ತಕ ಗೇಟಿನಾಗ ಇಟ್ಟಿರ್ತೀವ್ರಿ. ಸಭಾಕ್ಕ ಬಂದವ್ರು ಸಹಿ ಮಾಡ್ತಾರ್ರಿ."

"ನಾ ಎಲ್ಲಾರದೂ ಕೇಳಿಲ್ಲ. ಈ ಹೆಬ್ಬಟ್ಟ."

"ಹನ್ನೊಂದ ಸಾವಿರ ಮಂದಿರಿ. ನೆನಪಿಲ್ರಿ."

ಸತ್ತೆವ್ವ ನನ್ನ ಕಡೆ ತಿರುಗಿದಳು. ಸಿಟ್ಟು ಮಾಡಿದ್ದರೆ ತಾಳಿಕೊಳ್ಳುತ್ತಿದ್ದೆ. ಬೈದಿದ್ದರೆ ಇನ್ನೂ ಚಲೋ ಇತ್ತು. ಆಕೆಗೆ ನನ್ನ ಮೇಲೆ ಸಂಶಯವೇ ಬರಲಿಲ್ಲ. ನಾನು ನಿಜವಾಗಿಯೂ ಮರೆತಿದ್ದೇನೆ ಅಂತ ತಿಳಿದು, ನನಗೆ ನೆನಪು ಮಾಡಿಕೊಡಲು ನೋಡಿದಳು.

"ನೆನಸ್ಕೋ ತಮ್ಮಾ. ಪಾಡ್ಯಾದ ದಿನ. ಎಮ್ಮಿ ಈದಿತ್ತಲ್ಲ, ನಿನಗ ಗಿಣ್ಣ ಕೊಟ್ಟಿದ್ನಲ್ಲ. ಕೈ ಜಿಡ್ಡ ಐತಿ ಅಂತ ನೀನ ಸೆರಗಿಗೆ ಒರಸಿದಿ. ನಿಂಗ ಸಾವಕಾಶ ನೆನಪ ಬರತೈತಿ, ಗಡಿಬಿಡಿ ಮಾಡಬ್ಯಾಡ."

ಸುಮ್ಮನಿರಬೇಕು ಅಂತ ಸಾಹೇಬರು ಆಕೆಗೆ ಹೇಳಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ, "ನೆನಪಿಲ್ರಿ," ಅಂತ ಇನ್ನೊಮ್ಮೆ ಅಂದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಬೀರದೇವ ನನ್ನ ಕಾಲ ಹತ್ತಿರ ಉಗುಳಿ ಹೋದ. ಅವನಾದರೂ ತಿಳಿದುಕೊಂಡ ಅಂತ ಒಂದು ತರಹ ಸಮಾಧಾನ ಆಯಿತು.

ಜುಲೈಯಲ್ಲಿ ಆದೇಶ ಬಂತು. ಸಾಹೇಬರ ತಪ್ಪೇನೂ ಇಲ್ಲ. ಮುಂದೆ ಬಂದ ಸಾಕ್ಷಿಯ ಮೇಲೆ ಬರೆದರು, ಆ ಸಾಕ್ಷಿ ನಾನೇ. ಹಾಜರಿ ಪುಸ್ತಕ ಕ್ರಮಬದ್ಧವಾಗಿದೆ ಅಂತ ಕಾರಕೂನ ಹೇಳಿದ್ದರಿಂದ ಠರಾವು ಸರಿ. ಅರ್ಜಿದಾರಳು ತಾನು ಒಂದು ಸಭೆಗೂ ಬಂದಿಲ್ಲ ಅಂತ ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದರಿಂದ ಆಕೆಗೆ ಮತದ ಹಕ್ಕಿಲ್ಲ, ಠರಾವನ್ನು ಪ್ರಶ್ನಿಸುವ ಅಧಿಕಾರವೂ ಇಲ್ಲ. ಒಟ್ಟಿನಲ್ಲಿ ಅದೇ ಪುಸ್ತಕ ನಾಲ್ಕು ಸಾವಿರ ಮಂದಿಯ ಮಟ್ಟಿಗೆ ನಿಜ, ಆಕೆಯೊಬ್ಬಳ ಮಟ್ಟಿಗೆ ಸುಳ್ಳು. ಕಬ್ಬು ಅರೆಯುವ ಹಂಗಾಮಿಗೆ ಮೊದಲು ತಾತ್ಯಾಸಾಹೇಬರ ಆರು ಮಂದಿಯ ಯಾದಿ ಹೊರಬಿತ್ತು. ಎರಡನೆಯ ಹೆಸರು ನನ್ನದು. ಮತದಾರರ ಯಾದಿಯಲ್ಲಿ ಸತ್ತೆವ್ವನ ಹೆಸರಿಗೆ ಕೆಂಪು ಗೀಟು ಹಾಕಿದ್ದೂ ನಾನೇ.

ಡಿಸೆಂಬರಿನಲ್ಲಿ ಆಡಳಿತ ಮಂಡಳಿಯ ಚುನಾವಣೆ ಬಂತು. ಆರಿಸಿ ಬಂದರೆ ಲೀಜು ರದ್ದು ಮಾಡಿಸುತ್ತೇವೆ ಅಂತ ಎದುರಿನವರು ಪ್ರಚಾರ ಹಿಡಿದರು. ಆದರೆ ನಾನು ಹಿಂದೆಯೂ ವರ್ಷ ಬಿಟ್ಟು ವರ್ಷ, ಹೊಸ ಕಾಯದೆ ಬಂದ ಮೇಲಂತೂ ಒಮ್ಮೆಯೂ ಪುಸ್ತಕ ಒಯ್ಯದೆ ಬಿಟ್ಟ ಮೂರು ಸಾವಿರದ ಒಂಬತ್ತುನೂರು ಮಂದಿಗೆ ವೋಟೇ ಇರಲಿಲ್ಲ. ಅವರೆಲ್ಲ ಸೇರಿ ನೇಮಿನಾಥರನ್ನು ಹಿಡಿದುಕೊಂಡು ಮೇಲಿನ ಕೋರ್ಟಿಗೆ ಹೋದರು. ಸತ್ತೆವ್ವನೂ ಆ ಅರ್ಜಿಗೆ ಹೆಬ್ಬೆಟ್ಟು ಹಾಕಿದಳು, ಈ ಸಲ ಮೂರು ಸಲ ಓದಿಸಿಕೊಂಡು. ತೀರ್ಪಿಗೆ ಸಮಯ ಇರಲಿಲ್ಲ, ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ಇವರೂ ವೋಟು ಹಾಕಲಿ, ಆದರೆ ಬೇರೆ ಪೆಟ್ಟಿಗೆಯಲ್ಲಿ. ಅಂತಿಮ ತೀರ್ಪು ಬರುವವರೆಗೆ ಆ ಪೆಟ್ಟಿಗೆ ತೆರೆಯಬಾರದು.

ವೋಟಿನ ದಿನ ಬೇರೆ ಪೆಟ್ಟಿಗೆಯ ಮೇಜಿಗೆ ನನ್ನನ್ನೇ ಕೂಡಿಸಿದರು. ಬಿಸಿಲಲ್ಲಿ ಸಾಲು ಗೇಟು ದಾಟಿ ರಸ್ತೆಯವರೆಗೆ ನಿಂತಿತ್ತು. ಆ ಸಾಲಿನಲ್ಲಿ ಸತ್ತೆವ್ವ ಎರಡು ತಾಸು ನಿಂತು ಬಂದಳು. ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿನ ಪೆಟ್ಟಿಗೆ ನೋಡಿದಳು. ಆ ಹೊತ್ತಿಗೆ ಆಕೆಗೂ ಎಲ್ಲ ತಿಳಿದಿತ್ತು.

"ನಮ್ಮ ಡಬ್ಬಿ ಯಾಕ ಬ್ಯಾರೆ?"

"ಕೋರ್ಟ್ ಹೇಳಿದ ಮ್ಯಾಲ ಎಣಸ್ತಾರಕ್ಕಾ."

"ಎಣಸ್ತಾರ, ಹೌದಿಲ್ಲೊ?"

"ಎಣಸ್ತಾರ."

ಅದು ಸುಳ್ಳು ಅಂತ ನನಗೂ ಆಗ ಗೊತ್ತಿರಲಿಲ್ಲ. ಮರೆಗೆ ಹೋಗಿ ಠಸ್ಸೆ ಒತ್ತಿ, ಚೀಟಿ ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯೊಳಗೆ ಹಾಕಿದಳು. ಹಾಕಿ ಮೇಲಿಂದ ಅಂಗೈಯಿಂದ ಎರಡು ಸಲ ತಟ್ಟಿದಳು. ತಾತ್ಯಾಸಾಹೇಬರ ಪ್ಯಾನೆಲ್ ಮುನ್ನೂರ ನಲವತ್ತು ವೋಟಿನಿಂದ ಗೆದ್ದಿತು. ಬೇರೆ ಪೆಟ್ಟಿಗೆಯಲ್ಲಿ ಬಿದ್ದದ್ದು ಮೂರು ಸಾವಿರದ ಮೇಲೆ. ಮೊಹರು ಹಾಕಿ ಅದನ್ನು ಸಂಘದ ಸ್ಟ್ರಾಂಗ್ ರೂಮಿನಲ್ಲಿ ಇಟ್ಟರು, ಬೀಗದ ಕೈ ಚುನಾವಣೆ ಅಧಿಕಾರಿಯ ಹತ್ತಿರ.

ಮರುವರ್ಷ ಸೆಪ್ಟೆಂಬರಿನಲ್ಲಿ ಸತ್ತೆವ್ವ ಕುರಿಯನ್ನು ಮಗನಿಗೆ ಬಿಟ್ಟು, ಸತ್ತಿಯಿಂದ ಎರಡು ಬಸ್ಸು ಬದಲಿಸಿ ಸಭೆಗೆ ಬಂದಳು. ಹಾಜರಿ ಇಲ್ಲ ಅಂದದ್ದಕ್ಕೆ ತಾನೇ ವೋಟು ಹೋದದ್ದು, ಇನ್ನು ತಪ್ಪಿಸುವುದಿಲ್ಲ ಅಂತ. ಗೇಟಿನಲ್ಲಿ ನಾನೇ ಇದ್ದೆ. ಪುಸ್ತಕದಲ್ಲಿ ಈಗ ಅರ್ಹ ಮತದಾರರ ಹೆಸರನ್ನಷ್ಟೇ ಅಚ್ಚು ಮಾಡಿಸಿದ್ದರು, ಆಕೆಯ ಹೆಸರಿಗೆ ಸಾಲೇ ಇರಲಿಲ್ಲ. ಹಾಜರಿ ಇಲ್ಲದ್ದಕ್ಕೆ ಯಾದಿಯಲ್ಲಿಲ್ಲ, ಯಾದಿಯಲ್ಲಿ ಇಲ್ಲದ್ದಕ್ಕೆ ಹಾಜರಿ ಇಲ್ಲ. ಕೈಬರಹದಲ್ಲಿ ಕೆಳಗೆ ಬರೆಯಬಹುದಿತ್ತು. ಹಿಂದೆ ಮ್ಯಾನೇಜರ ನಿಂತಿದ್ದ. ಬರೆಯಲಿಲ್ಲ. ಆಕೆ ಒಳಗೆ ಹೋಗಿ ಮೊದಲ ಸಾಲಿನಲ್ಲಿ ಕೂತು, ಸಭೆ ಮುಗಿಯುವ ತನಕ ಎದ್ದೇಳದೆ, ಬಸ್ಸು ಹಿಡಿದು ವಾಪಸು ಹೋದಳು. ಅದರ ಮರುವರ್ಷವೂ ಬಂದಳು. ಆಮೇಲೆ ಮೊಣಕಾಲು ಕೈಕೊಟ್ಟವು, ಬಿಟ್ಟಳು.

ಕೇಸಿಗೆ ತಾರೀಖಿನ ಮೇಲೆ ತಾರೀಖು ಬಿದ್ದವು. ಕಾರ್ಖಾನೆಯ ವಕೀಲನಿಗೆ ಒಮ್ಮೆ ಕಾಗದ ಸಿಗಲಿಲ್ಲ, ಒಮ್ಮೆ ಎದೆನೋವು, ಒಮ್ಮೆ ವಕೀಲನನ್ನೇ ಬದಲಿಸಿದರು, ಹೊಸಬನಿಗೆ ಓದಲು ಆರು ತಿಂಗಳು ಬೇಕಾಯಿತು. ದೀಪಾವಳಿಗೆ ಊರಿಗೆ ಬಂದಾಗಲೆಲ್ಲ ಸತ್ತೆವ್ವ ನನ್ನ ಆಫೀಸಿನ ಬಾಗಿಲಲ್ಲಿ ನಿಂತು, "ಡಬ್ಬಿ ತಗದ್ರ್ಯಾ?" ಅಂತ ಕೇಳುತ್ತಿದ್ದಳು. ಇಲ್ಲ ಅನ್ನುತ್ತಿದ್ದೆ. ಅಷ್ಟು ಕೇಳಿ ತಿರುಗಿ ಹೋಗುತ್ತಿದ್ದಳು. ಆ ಒಂದೆಕರೆಯ ಮೇಲೆ ಕಂಪನಿ ಮದ್ಯಸಾರದ ಟಾಕಿ ಕಟ್ಟಿತು. ಕುರಿ ನಿಲ್ಲಿಸಲು ಜಾಗವಿಲ್ಲದೆ ಬೀರದೇವ ಅರ್ಧ ಹಿಂಡು ಮಾರಿದ. ನಾನು ಎರಡು ಸಲ ನೇಮಿನಾಥರ ಹತ್ತಿರ ಹೋಗಿ, ಈಗ ಖರೆ ಹೇಳಿಕೆ ಬರೆದುಕೊಡಲೇ ಅಂತ ಕೇಳಿದೆ. ಮೊದಲ ಸಲ ಅವರು ತಯಾರಿದ್ದರು, ನಾನೇ ಸಹಿಯ ದಿನ ಹೋಗಲಿಲ್ಲ. ಎರಡನೆಯ ಸಲ, ನಿಮ್ಮನ್ನು ಇನ್ನು ನಂಬಲಾರೆ ಅಂತ ಅವರೇ ಬೇಡ ಅಂದರು.

2019ರ ಕೊನೆಗೆ ಆ ಮಂಡಳಿಯ ಐದು ವರ್ಷದ ಅವಧಿ ಮುಗಿಯಿತು. ಮುಂದಿನ ತಾರೀಖಿಗೆ ಕೇಸೂ ಮುಗಿಯಿತು. ಅವಧಿಯೇ ಮುಗಿದ ಮೇಲೆ ಆ ಚುನಾವಣೆಯ ಬಗ್ಗೆ ತೀರ್ಮಾನ ಮಾಡುವಂಥದ್ದು ಏನೂ ಉಳಿದಿಲ್ಲ ಅಂತ ಒಂದು ಪುಟದ ಆದೇಶ. ಲೀಜಿನ ಇಪ್ಪತ್ತನಾಲ್ಕು ವರ್ಷ ಮಾತ್ರ ಇನ್ನೂ ಉಳಿದಿತ್ತು. ತೆರೆಯದ ಮತಪತ್ರಗಳನ್ನು ನಿಯಮದಂತೆ ನಾಶ ಮಾಡಬೇಕು ಅಂತ ಅಧಿಕಾರಿಗೆ ಪತ್ರ ಬಂತು.

ಅಧಿಕಾರಿ ಹೊಸ ಹುಡುಗ, ಸಭ್ಯ. ಒಂದು ಮಧ್ಯಾಹ್ನ ಜೀಪಿನಲ್ಲಿ ಬಂದು ಪೆಟ್ಟಿಗೆ ಹೊರಗೆ ತರಿಸಿದ. ಆಫೀಸಿನ ಹಿಂದೆ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಬೆಂಕಿ ಮಾಡಿದರು. ಪಂಚನಾಮೆಗೆ ಇಬ್ಬರು ಪಂಚರು ಬೇಕು. ಒಬ್ಬ ನಾನು. ಇನ್ನೊಬ್ಬನಾಗಬೇಕಿದ್ದ ವಾಚಮನ್ ಮಾಯಪ್ಪ ಊಟಕ್ಕೆ ಹೋಗಿದ್ದ. ನೇಮಿನಾಥರಿಂದ ಸುದ್ದಿ ತಿಳಿದು ಸತ್ತೆವ್ವ ಕೋಲು ಊರಿಕೊಂಡು ಅಲ್ಲಿಗೆ ಬಂದಿದ್ದಳು. ಯಾರೂ ಬೇಡ ಅನ್ನಲಿಲ್ಲ. ಮೊಹರು ಒಡೆದು ಪೆಟ್ಟಿಗೆ ಬೋರಲು ಹಾಕಿದಾಗ ಮಡಿಚಿದ ಚೀಟಿಗಳು ಸುರಿದವು, ಬೆಂಕಿ ಒಮ್ಮೆ ಅಡಗಿ ಮತ್ತೆ ಎದ್ದಿತು. ಆಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು, ತನ್ನದು ಯಾವುದು ಅಂತ ಹುಡುಕುವವರ ಹಾಗೆ.

ಅಧಿಕಾರಿಗೆ ಗಡಿಬಿಡಿ ಇತ್ತು. "ಅಜ್ಜಿ, ನೀವು ಎಲ್ಲಾ ನೋಡೀರಲ್ರಿ. ಪಂಚ ಅಂತ ಒಂದ ಸಹಿ ಮಾಡ್ತೀರೇನು?" ಅಂದ.

"ನಂದ ನಡಿತೈತೇನ್ರಿ ಸಾಹೇಬ್ರ? ನಂದು ಎಲ್ಲೂ ನಡ್ಯೂದಿಲ್ಲ."

"ಇದಕ್ಕ ನಡಿತೈತ್ರಿ. ಇಲ್ಲಿ ಹಾಜರ ಇದ್ರ ಸಾಕು."

ಆಕೆ ಕಾಗದ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. "ಏನ್ ಬರದೈತಿ ಓದು. ಇದ್ದದ್ದು ಇದ್ದಂಗ ಓದು."

ಓದಿದೆ. ಪೆಟ್ಟಿಗೆಯ ಮೊಹರು ಭದ್ರವಾಗಿತ್ತು. ಒಳಗಿನ ಮತಪತ್ರಗಳನ್ನು ಬಿಡಿಸಿ ನೋಡದೆ, ಎಣಿಸದೆ ಸುಡಲಾಯಿತು. ಕೆಳಗೆ ಸಹಿ ಮಾಡಿದ ನಾವು ಖುದ್ದು ಹಾಜರಿದ್ದು ಇದನ್ನು ಕಣ್ಣಾರೆ ಕಂಡಿದ್ದೇವೆ.

"ಹೌದು," ಅಂದಳು ಸತ್ತೆವ್ವ. "ಇದು ಖರೇ ಐತಿ."

ನಾನು ಶಾಯಿಯ ಡಬ್ಬಿ ಹಿಡಿದೆ. ಆಕೆ ತಾನೇ ಸೆರಗಿಗೆ ಬೆರಳು ಒರೆಸಿಕೊಂಡು ಗಟ್ಟಿಯಾಗಿ ಒತ್ತಿದಳು. ಅಷ್ಟು ವರ್ಷ ನಾನು ಆಕೆಯಿಂದ ಹೆಬ್ಬೆಟ್ಟು ಹಾಕಿಸಿಕೊಂಡ ಕಾಗದಗಳಲ್ಲಿ ನಿಜ ಬರೆದದ್ದು ಅದೊಂದರಲ್ಲೇ.